ಡ್ರ್ಯಾಗನ್ನಿನ ಹಲ್ಲು ಎಣಿಸುವುದು ಹೇಗೆ?

ಉತ್ತರಾಯಣಕ್ಕೆ ಇನ್ನೂ ಒಂದು ವಾರವಿತ್ತು. ನನ್ನ ಹನ್ನೊಂದು ವರ್ಷದ ಮಗ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದ. "ಅಮ್ಮ, ಏಳುನೂರ ತೊಂಬತ್ತೊಂಬತ್ತು ರೂಪಾಯಿ ಕೊಡ್ತೀಯಾ? ಒಂದು ಡ್ರ್ಯಾಗನ್ ಬಂದಿದೆ. ನಾಳೆ ಬೆಳಿಗ್ಗೆ ತನಕ ಮಾತ್ರ ಇರುತ್ತೆ."

ಒಗ್ಗರಣೆ ಸೀಯುತ್ತಿತ್ತು. "ಬೇಡ" ಎಂದುಬಿಟ್ಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಬಾಯಿಗೆ ಬಂದದ್ದು ಬೇರೆ ಪ್ರಶ್ನೆ: "ಅಷ್ಟು ಬೆಲೆ ಬಾಳುತ್ತೇನೋ ಅದು?"

ಅವನು ಗಂಭೀರವಾಗಿ ಯೋಚಿಸಿದ. ಅಂಗಡಿಯಲ್ಲಿ ಸೀರೆ ಮುಟ್ಟಿ ನೋಡುವಾಗ ನನ್ನ ಅಮ್ಮನ ಮುಖ ಹೇಗಾಗುತ್ತಿತ್ತೋ ಹಾಗಾಯಿತು ಅವನ ಮುಖ. "ಅದನ್ನೇ ನೋಡ್ತಾ ಇದೀನಿ" ಎಂದ.

ನಾವಿರುವುದು ಅಹಮದಾಬಾದಿನ ನವರಂಗಪುರದಲ್ಲಿ. ಕನ್ನಡದ ಓದುಗರಿಗೆ ಗುರುತು ಹೇಳಬೇಕೆಂದರೆ, ಅದಮಾರಿನ ಯು. ಆರ್. ರಾವ್ ಅವರು ವಿಕ್ರಮ್ ಸಾರಾಭಾಯಿಯವರ ಕೈಕೆಳಗೆ ಸಂಶೋಧನೆ ಮಾಡಿದ ಭೌತ ಸಂಶೋಧನಾ ಪ್ರಯೋಗಾಲಯ ಇರುವ ಬಡಾವಣೆ. ಒಂದು ಕಡೆ ಗುಜರಾತ್ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಸಿ.ಜಿ. ರಸ್ತೆಯ ಅಂಗಡಿ ಸಾಲು. ನಮ್ಮ ಸೊಸೈಟಿಯ ಮಕ್ಕಳು ಸಂಜೆ ಕ್ರಿಕೆಟ್ ಆಡಿ ಸುಸ್ತಾದ ಮೇಲೆ ಮೆಟ್ಟಿಲ ಮೇಲೆ ಕೂತು ಗುಜರಾತಿ ಹಿಂದಿ ಬೆರೆಸಿ ಚರ್ಚೆ ಮಾಡುತ್ತಾರೆ. ಮೊದಮೊದಲು ನಾನು ಅದು ಷೇರುಪೇಟೆಯ ಮಾತು ಎಂದುಕೊಂಡಿದ್ದೆ. ಈ ಊರಿನಲ್ಲಿ ಹಾಗೆಂದುಕೊಳ್ಳುವುದು ತಪ್ಪೇನಲ್ಲ. ಆಮೇಲೆ ಗೊತ್ತಾಯಿತು, ಅವರು ಡ್ರ್ಯಾಗನ್ನುಗಳಿಗೆ ಬೆಲೆ ಕಟ್ಟುತ್ತಿದ್ದಾರೆ.

ಮಗ ಆಡುವ ಆಟದ ಹೆಸರು ಇಲ್ಲಿ ಬೇಡ. ಈ ಜಾತಿಯ ಆಟಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ನಿಮಗೊಂದು ದ್ವೀಪ ಕೊಡುತ್ತಾರೆ. ಅಲ್ಲಿ ಡ್ರ್ಯಾಗನ್ನುಗಳನ್ನು ಸಾಕಬೇಕು. ಎರಡನ್ನು ಜೋಡಿ ಮಾಡಿದರೆ ಮೊಟ್ಟೆ ಬರುತ್ತದೆ. ಕೆಲವು ಮೊಟ್ಟೆ ನಿಮಿಷಗಳಲ್ಲಿ ಒಡೆಯುತ್ತವೆ, ಕೆಲವಕ್ಕೆ ದಿನಗಟ್ಟಲೆ ಕಾಯಬೇಕು. ಮರಿಗೆ ಮೇವು ಹಾಕಿ ಬೆಳೆಸಿ, ಬೇರೆಯವರ ಡ್ರ್ಯಾಗನ್ನುಗಳ ಮೇಲೆ ಕಾಳಗಕ್ಕೆ ಬಿಡಬೇಕು. ಅಮೆರಿಕದ ಬ್ಯಾಕ್‌ಫ್ಲಿಪ್ ಸ್ಟುಡಿಯೋಸ್ 2011ರಲ್ಲಿ ತಂದ ಡ್ರ್ಯಾಗನ್‌ವೇಲ್, ಬಾರ್ಸಿಲೋನಾದ ಸೋಶಿಯಲ್ ಪಾಯಿಂಟ್ ಕಂಪನಿ 2012ರಲ್ಲಿ ಫೇಸ್‌ಬುಕ್‌ನಲ್ಲಿ ಶುರುಮಾಡಿ ಆಮೇಲೆ ಫೋನಿಗೆ ತಂದ ಡ್ರ್ಯಾಗನ್ ಸಿಟಿ, ಗೇಮ್‌ಲಾಫ್ಟ್‌ನ ಡ್ರ್ಯಾಗನ್ ಮೇನಿಯಾ ಲೆಜೆಂಡ್ಸ್ – ಇವು ಈ ಬಗೆಯ ಹೆಸರಾಂತ ಆಟಗಳು. ಮಕ್ಕಳಾಟ ಎಂದು ತಳ್ಳಿಹಾಕುವ ಮುಂಚೆ ಒಂದು ಲೆಕ್ಕ ನೋಡಿ: 2017ರಲ್ಲಿ ಟೇಕ್-ಟೂ ಎಂಬ ದೊಡ್ಡ ಕಂಪನಿ ಸೋಶಿಯಲ್ ಪಾಯಿಂಟನ್ನು ಕೊಂಡದ್ದು ಸುಮಾರು 25 ಕೋಟಿ ಡಾಲರಿಗೆ.

ಆ ಸಂಜೆ ಊರಿನಿಂದ ಬಂದಿದ್ದ ನನ್ನ ಅಪ್ಪ ಸೋಫಾದ ಮೇಲಿದ್ದರು. ಚನ್ನರಾಯಪಟ್ಟಣದ ಕಡೆಯ ರೈತರು, ಎಪ್ಪತ್ತಾರು ವರ್ಷ. ಮಗ ಅವರ ಪಕ್ಕ ಹೋಗಿ ಕೂತ.

"ತಾತ, ಇಲ್ಲಿ ನೋಡು. ಇದು ಚೆನ್ನಾಗಿದೆಯಾ?"

ಅಪ್ಪ ಕನ್ನಡಕ ಏರಿಸಿ ನೋಡಿದರು. "ಹಲ್ಲೆಷ್ಟು ಮಗಾ ಇದಕ್ಕೆ?"

ಎಲ್ಲರೂ ನಕ್ಕೆವು. ಅಪ್ಪ ನಗಲಿಲ್ಲ. ಪ್ರಾಣಿಯೊಂದಕ್ಕೆ ಬೆಲೆ ಕಟ್ಟುವಾಗ ಅವರು ಕೇಳುವ ಮೊದಲ ಪ್ರಶ್ನೆ ಅದೇ.

*

ಮಗ ಹೇಳಿದ್ದನ್ನು ನಾನು ಮೊದಲ ಬಾರಿಗೆ ಕಿವಿಗೊಟ್ಟು ಕೇಳಿದೆ. ಅಚ್ಚರಿಯಾಯಿತು.

ಅವನು ಚಿತ್ರದ ಅಂದಕ್ಕೆ ಮರುಳಾಗಿರಲಿಲ್ಲ. ಮೊದಲು ನೋಡುವುದು ಅಪರೂಪದ ದರ್ಜೆ: ಸಾಮಾನ್ಯ, ವಿರಳ, ಅತಿವಿರಳ ಎಂದು ಮೇಲೇರುತ್ತ ಹೋಗುವ ಮೆಟ್ಟಿಲು. "ಆದರೆ ದರ್ಜೆ ನೋಡಿ ಮೋಸ ಹೋಗಬಾರದು ತಾತ. ಮೇಲಿನ ದರ್ಜೆಯಲ್ಲೂ ಡಬ್ಬಾ ಇರುತ್ತವೆ." ಎರಡನೆಯದು ಧಾತು: ನೆಲ, ಬೆಂಕಿ, ನೀರು, ಗಿಡ, ಮಿಂಚು, ಹಿಮ. ನೀರು ಬೆಂಕಿಯನ್ನು ಹೊಡೆಯುತ್ತದೆ, ಬೆಂಕಿ ಗಿಡವನ್ನು. ಒಂದು ಡ್ರ್ಯಾಗನ್ನಿಗೆ ಮೂರು ನಾಲ್ಕು ಧಾತುಗಳಿದ್ದರೂ ಇಂಥ ಆಟಗಳಲ್ಲಿ ಪೆಟ್ಟು ತಿನ್ನುವಾಗ ಲೆಕ್ಕಕ್ಕೆ ಬರುವುದು ಸಾಮಾನ್ಯವಾಗಿ ಮೊದಲನೆಯದು. ಆದ್ದರಿಂದ ಮೊದಲ ಧಾತು ಯಾವುದೆಂದು ನೋಡದೆ ಕೊಳ್ಳುವವನು ದಡ್ಡ. ಮೂರನೆಯದು ದಾಳಿಗಳು: ಕಲಿತು ಬಂದಿರುವುದು ಎಷ್ಟು, ತರಬೇತಿ ಕೊಟ್ಟರೆ ಕಲಿಯುವುದು ಎಷ್ಟು. ನಾಲ್ಕನೆಯದು ವಿಶೇಷ ವಿದ್ಯೆ: ಎದುರಾಳಿಯನ್ನು ಒಂದು ಸರದಿ ಮರಗಟ್ಟಿಸುವುದೋ, ತನ್ನ ಸುತ್ತ ಕವಚ ಕಟ್ಟಿಕೊಳ್ಳುವುದೋ. ಐದನೆಯದು, ನನಗೆ ತುಂಬ ಹಿಡಿಸಿದ್ದು: "ನನ್ನ ಹತ್ತಿರ ಈಗಾಗಲೇ ಇರೋ ಎರಡರ ಜೊತೆ ಇದು ಹೊಂದುತ್ತಾ ಅಂತ ನೋಡಬೇಕು. ಒಂಟಿಯಾಗಿ ಚೆನ್ನಾಗಿರೋದು ತಂಡದಲ್ಲಿ ಚೆನ್ನಾಗಿರಲ್ಲ."

ಈ ಕೊನೆಯ ಮಾತಿಗೆ ಅಪ್ಪ ತಲೆದೂಗಿದರು. "ಹೌದು ಕಣೋ. ಒಂದೆತ್ತು ಎಷ್ಟೇ ಚೆನ್ನಾಗಿರಲಿ, ಜೋಡಿ ಕೂಡದಿದ್ರೆ ಉಳೋಕಾಗಲ್ಲ."

ಆಮೇಲೆ ಅವರ ಸರದಿ. ಹಳ್ಳಿಕಾರ್ ಹೋರಿ ಕೊಳ್ಳಲು ಜಾತ್ರೆಗೆ ಹೋದರೆ ಮೊದಲು ಬಾಯಿ ಬಿಡಿಸಬೇಕು. ದನಕ್ಕೆ ಮುಂದಿನ ಹಲ್ಲು ಕೆಳದವಡೆಯಲ್ಲಿ ಮಾತ್ರ. ಹಾಲುಹಲ್ಲು ಬಿದ್ದು ಎರಡು ಹಲ್ಲು ಬಂದಿದ್ದರೆ ಎರಡು ವರ್ಷ ದಾಟಿದೆ. ಎಂಟೂ ಬಂದಿದ್ದರೆ ಬಾಯಿ ಕೂಡಿದೆ. ನಾಲ್ಕು ದಾಟಿ ಐದರ ಹತ್ತಿರ. ಆಮೇಲೆ ಗೊರಸು, ಎದೆ, ಗಂಗೆದೊಗಲು, ಬಾಲ. ಮೈಮೇಲಿನ ಸುಳಿ ಎಲ್ಲಿದೆ ಎಂದು ನೋಡುವವರಿದ್ದಾರೆ. ಇಂಥ ಸುಳಿ ಮನೆಗೆ ಆಗಿಬರುತ್ತದೆ, ಇಂಥದ್ದು ಆಗಿಬರುವುದಿಲ್ಲ ಎಂಬ ದೊಡ್ಡ ಶಾಸ್ತ್ರವೇ ಇದೆ. "ಸುಳೀನ ನಾನು ನಂಬ್ತಿರಲಿಲ್ಲ. ಆದ್ರೆ ಕೊಳ್ಳೋನು ನಂಬ್ತಾನೆ, ಹಂಗಾಗಿ ನೋಡಬೇಕಾಗಿತ್ತು" ಎಂದರು ಅಪ್ಪ. ಅರ್ಥಶಾಸ್ತ್ರದ ಒಂದು ಅಧ್ಯಾಯವೇ ಈ ಮಾತಿನಲ್ಲಿದೆ. ಆಮೇಲೆ ನಡೆಸಿ ನೋಡುವುದು, ನೊಗ ಹೂಡಿ ನೋಡುವುದು. ಕೊನೆಗೆ ದಲ್ಲಾಳಿ ಟವಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದು, ಪಕ್ಕದವನಿಗೆ ಕಾಣದ ಹಾಗೆ.

ಅಂದಹಾಗೆ, ಅಂಚೆ ಇಲಾಖೆ 2000ರಲ್ಲಿ ದೇಸಿ ತಳಿಗಳ ನಾಲ್ಕು ಅಂಚೆಚೀಟಿ ತಂದಿತ್ತು: ಗಿರ್, ಕಾಂಕ್ರೇಜ್, ಕಂಗಾಯಂ ಮತ್ತು ನಮ್ಮ ಹಳ್ಳಿಕಾರ್. ಅದರಲ್ಲಿ ಮೊದಲ ಎರಡು ಗುಜರಾತಿನವು. ಮಗನಿಗೆ ಅವುಗಳ ಚಿತ್ರ ತೋರಿಸಿದೆ. ಕಾಂಕ್ರೇಜಿನ ಕೊಂಬು ನೋಡಿ, "ಇದು ಲೆಜೆಂಡರಿ" ಎಂದು ತೀರ್ಪು ಕೊಟ್ಟ.

ಮೇಲಿನ ಮನೆಯ ಕಾಕಾ ಸೂರತ್‌ನಲ್ಲಿ ಮೂವತ್ತು ವರ್ಷ ವಜ್ರದ ದಲ್ಲಾಳಿಯಾಗಿದ್ದವರು. ಗಾಳಿಪಟದ ದಾರದ ವಿಚಾರಕ್ಕೆ ಇಳಿದು ಬಂದವರು ಮಾತಿಗೆ ಸೇರಿಕೊಂಡರು. ಮಹಿಧರಪುರದ ಬೀದಿಯಲ್ಲಿ, ಸ್ಕೂಟರಿನ ಸೀಟಿನ ಮೇಲೆ ಕಾಗದದ ಪೊಟ್ಟಣ ಬಿಚ್ಚಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಕಲ್ಲು ನೋಡುವುದು ಹೇಗೆ ಎಂದು ಹೇಳಿದರು. ತೂಕ, ಬಣ್ಣ, ಒಳಗಿನ ಕಲೆ, ಕಡಿದಿರುವ ಕೋನ – ನಾಲ್ಕು ಲೆಕ್ಕ. ಒಂದು ಕ್ಯಾರೆಟ್ ಎಂದರೆ ಗ್ರಾಮಿನ ಐದನೇ ಒಂದು ಭಾಗ. ಅಷ್ಟು ಸಣ್ಣದನ್ನು ನೋಡಿ ಲಕ್ಷದ ಮಾತಾಡಬೇಕು.

ಆ ಸಂಜೆ ನಮ್ಮ ಹಾಲಿನಲ್ಲಿ ಮೂವರು ಪರೀಕ್ಷಕರಿದ್ದರು. ಮೂವರ ವಿದ್ಯೆಯೂ ಒಂದೇ ಕುಲದ್ದು: ಮೇಲ್ನೋಟಕ್ಕೆ ಮೋಸಹೋಗದೆ ಬಿಡಿಬಿಡಿಯಾಗಿ ನೋಡುವುದು, ಆಮೇಲೆ ಒಟ್ಟುಗೂಡಿಸಿ ತೂಗುವುದು, ತನ್ನ ಅಗತ್ಯಕ್ಕೆ ಹೊಂದುತ್ತದೆಯೇ ಎಂದು ಕೇಳಿಕೊಳ್ಳುವುದು. ನನ್ನ ಮೊದಲ ಅಭಿಪ್ರಾಯ ಇಷ್ಟೇ: ಮಕ್ಕಳು ಈ ಆಟದಲ್ಲಿ ಕಲಿಯುತ್ತಿರುವ ಪರೀಕ್ಷೆಯ ವಿದ್ಯೆ ನಿಜವಾದದ್ದು. "ಏನೋ ಹಾಳು ಆಟ" ಎಂದು ಅದನ್ನು ಹೀಗಳೆಯುವವರು ಮಕ್ಕಳ ಬುದ್ಧಿಯನ್ನೇ ಹೀಗಳೆಯುತ್ತಾರೆ. ಹಾಗೆ ಹೀಗಳೆದವರ ಮಾತನ್ನು ಮಕ್ಕಳು ಮುಂದೆ ಕೇಳುವುದೂ ಇಲ್ಲ.

ಆದರೆ ಅಪ್ಪ ಕೊನೆಗೊಂದು ಪ್ರಶ್ನೆ ಕೇಳಿದರು. "ಎಲ್ಲಾ ಸರಿ ಮಗಾ. ನಾಳೆ ಇದನ್ನ ಮಾರೋಕೆ ಹೊಂಟ್ರೆ ಕೊಳ್ಳೋರು ಯಾರು?"

ಮಗ ಸುಮ್ಮನಾದ. "ಮಾರೋಕಾಗಲ್ಲ ತಾತ. ಆಟದೊಳಗೇ ಮಾರಿದ್ರೆ ಚಿನ್ನದ ನಾಣ್ಯ ಕೊಡ್ತಾರೆ, ಅಷ್ಟೇ."

"ಅದು ಯಾರ ಚಿನ್ನ?"

"ಅವರದೇ."

*

ಪರೀಕ್ಷೆಯ ವಿದ್ಯೆ ನಿಜ. ಆದರೆ ಪರೀಕ್ಷೆಗೆ ಒಡ್ಡಿದ ವಸ್ತುವಿನ ಸ್ಥಿತಿ ಬೇರೆ. ಎತ್ತಿಗೂ ವಜ್ರಕ್ಕೂ ಇಲ್ಲದ ಮೂರು ತೊಡಕು ಡ್ರ್ಯಾಗನ್ನಿಗಿವೆ.

ಮೊದಲನೆಯದು, ತಕ್ಕಡಿ ಯಾರ ಕೈಯಲ್ಲಿದೆ ಎಂಬುದು. ಜಾತ್ರೆಯಲ್ಲಿ ಎತ್ತು ಮಾರುವವನು ಹಲ್ಲಿನ ಲೆಕ್ಕ ಬದಲಿಸಲಾರ. ಎಂಟು ಹಲ್ಲು ಎಲ್ಲರ ಕಣ್ಣಿಗೂ ಎಂಟೇ. ಡ್ರ್ಯಾಗನ್ ಮಾಡುವವನು, ಮಾರುವವನು, ಅದರ ದರ್ಜೆ ನಿಗದಿ ಮಾಡುವವನು, ಅದು ಕಾದಾಡುವ ಕಣದ ನಿಯಮ ಬರೆಯುವವನು – ನಾಲ್ವರೂ ಒಬ್ಬನೇ. ಹೊಸದನ್ನು ಮಾರಬೇಕೆಂದರೆ ಅದು ಹಳೆಯದಕ್ಕಿಂತ ಬಲವಾಗಿರಬೇಕು. ಹಾಗಾಗಿ ಪ್ರತಿ ತಿಂಗಳು ಬರುವ ಹೊಸ ಡ್ರ್ಯಾಗನ್ನು ಹಿಂದಿನದನ್ನು ಸ್ವಲ್ಪ ಮುದಿಯಾಗಿಸುತ್ತದೆ. ನನ್ನ ಮಗ ಎರಡು ವರ್ಷದ ಹಿಂದೆ ಮೂರು ವಾರ ಕಾದು ಪಡೆದ, ಹೆಸರಿಟ್ಟು ಮುದ್ದು ಮಾಡಿದ ಡ್ರ್ಯಾಗನ್ ಒಂದಿದೆ. ಅದರ ಅಂಕೆಯಲ್ಲಿ ಒಂದೂ ಕಡಿಮೆಯಾಗಿಲ್ಲ. ಆದರೆ ಅದನ್ನು ಈಗ ಕಣಕ್ಕಿಳಿಸಿದರೆ ಎರಡೇ ಪೆಟ್ಟಿಗೆ ಬೀಳುತ್ತದೆ. ಎತ್ತು ಮುದಿಯಾಗುವುದು ಕಾಲಧರ್ಮದಿಂದ. ಡ್ರ್ಯಾಗನ್ ಮುದಿಯಾಗುವುದು ಮಾರಾಟದ ವೇಳಾಪಟ್ಟಿಯಿಂದ.

ಇದು ಹೊಸ ತಂತ್ರವೇನಲ್ಲ ಎಂದರು ಕಾಕಾ. ಇಪ್ಪತ್ತನೇ ಶತಮಾನದ ಬಹುಭಾಗ ಜಗತ್ತಿನ ಕಚ್ಚಾ ವಜ್ರದ ಹರಿವನ್ನು ಡಿ ಬಿಯರ್ಸ್ ಎಂಬ ಒಂದೇ ಕಂಪನಿ ಹಿಡಿದಿಟ್ಟಿತ್ತು. ಎಷ್ಟು ಕಲ್ಲು ಪೇಟೆಗೆ ಬರಬೇಕೆಂಬುದನ್ನು ಅದು ತೀರ್ಮಾನಿಸುತ್ತಿತ್ತು. ವಿರಳತೆ ನೆಲದಿಂದಷ್ಟೇ ಅಲ್ಲ, ತಿಜೋರಿಯಿಂದಲೂ ಬರುತ್ತಿತ್ತು. ಈಗ ಸೂರತ್ತಿನಲ್ಲೇ ಪ್ರಯೋಗಾಲಯದ ವಜ್ರ ಬೆಳೆಯುತ್ತಾರೆ. 2023ರ ಜೂನ್‌ನಲ್ಲಿ ಪ್ರಧಾನಿಯವರು ಅಮೆರಿಕದ ಅಧ್ಯಕ್ಷರ ಪತ್ನಿಗೆ ಕೊಟ್ಟ ಏಳೂವರೆ ಕ್ಯಾರೆಟ್‌ನ ಹಸಿರು ವಜ್ರ ಅಂಥದ್ದೇ. ಬೆಳೆಯುವವರು ಹೆಚ್ಚಾದಂತೆ ಅದರ ಬೆಲೆ ಕೆಲವೇ ವರ್ಷಗಳಲ್ಲಿ ಪಾತಾಳಕ್ಕಿಳಿಯಿತು. ಡಿ ಬಿಯರ್ಸ್ ತಾನೇ 2018ರಲ್ಲಿ ಕ್ಯಾರೆಟ್ಟಿಗೆ 800 ಡಾಲರ್‌ನಂತೆ ಶುರುಮಾಡಿದ ಲೈಟ್‌ಬಾಕ್ಸ್ ಎಂಬ ಕೃತಕ ವಜ್ರದ ಆಭರಣದ ಅಂಗಡಿಯನ್ನು ಮುಚ್ಚುವುದಾಗಿ 2025ರಲ್ಲಿ ಹೇಳಿತು. ಕಲ್ಲನ್ನು ಬೆಳೆಸಲು ಯಂತ್ರ ಬೇಕು, ವಿದ್ಯುತ್ ಬೇಕು, ವಾರಗಳು ಬೇಕು. ಆದರೂ ಅದರ ಬೆಲೆ ಕುಸಿಯಿತು. ಡ್ರ್ಯಾಗನ್ನಿನ ಇನ್ನೊಂದು ಪ್ರತಿ ಮಾಡಲು ಏನೂ ಬೇಡ. ಅದರ ವಿರಳತೆ ಪೂರ್ತಿ ಬರೀ ಮಾತು.

ಎರಡನೆಯ ತೊಡಕು ಅಪ್ಪ ಕೇಳಿದ್ದು: ಎರಡನೇ ಗಿರಾಕಿ ಇಲ್ಲ. ಬೆಲೆ ಎನ್ನುವುದು ಕೊಳ್ಳುವವನೂ ಮಾರುವವನೂ ಸ್ಥಾನ ಬದಲಿಸಿಕೊಳ್ಳಬಹುದಾದ ಕಡೆ ಹುಟ್ಟುವ ಸಂಗತಿ. ಇವತ್ತು ಎತ್ತು ಕೊಂಡವನು ನಾಳೆ ಅದೇ ಜಾತ್ರೆಯಲ್ಲಿ ಮಾರಲು ನಿಲ್ಲುತ್ತಾನೆ. ಆಟದ ಒಪ್ಪಂದದಲ್ಲಿ, ಯಾರೂ ಓದದ ಆ ಉದ್ದ ಪುಟದಲ್ಲಿ, ಸಾಮಾನ್ಯವಾಗಿ ಹೀಗೆ ಬರೆದಿರುತ್ತದೆ: ನೀವು ಕೊಂಡದ್ದು ವಸ್ತುವಲ್ಲ, ಬಳಸಲು ಅನುಮತಿ ಮಾತ್ರ. ಆ ಅನುಮತಿ ಕಂಪನಿ ಇರುವತನಕ. ಡ್ರ್ಯಾಗನ್‌ವೇಲ್ ಕಥೆ ನೋಡಿ. 2013ರಲ್ಲಿ ಆಟಿಕೆಯ ದೈತ್ಯ ಹ್ಯಾಸ್‌ಬ್ರೋ 11.2 ಕೋಟಿ ಡಾಲರ್ ಕೊಟ್ಟು ಬ್ಯಾಕ್‌ಫ್ಲಿಪ್‌ನ 70 ಪ್ರತಿಶತ ಪಾಲು ಕೊಂಡಿತು. 2019ರಲ್ಲಿ ಅದೇ ಹ್ಯಾಸ್‌ಬ್ರೋ ಆ ಸ್ಟುಡಿಯೋವನ್ನು ಮುಚ್ಚಿತು. ಬೇರೊಂದು ಕಂಪನಿ ಆಟವನ್ನು ವಹಿಸಿಕೊಂಡಿತು, ಹಾಗಾಗಿ ಡ್ರ್ಯಾಗನ್ನುಗಳು ಉಳಿದವು. ವಹಿಸಿಕೊಳ್ಳದೇ ಹೋಗಿದ್ದರೆ? ಎಂಟು ವರ್ಷ ಸಾಕಿದ ಪ್ರಾಣಿಗಳೆಲ್ಲ ಒಂದು ಬೆಳಿಗ್ಗೆ ಇರುತ್ತಿರಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಬೆಲೆಯೇ ಕಾಣುವುದಿಲ್ಲ. ಏಳುನೂರ ತೊಂಬತ್ತೊಂಬತ್ತಕ್ಕೆ ಬರುವುದು ಡ್ರ್ಯಾಗನ್ ಅಲ್ಲ ಎಂದು ಮಗನನ್ನು ಕೆದಕಿದಾಗ ಗೊತ್ತಾಯಿತು. ಬರುವುದು ರತ್ನಗಳು. ರತ್ನ ಕೊಟ್ಟು ಪೆಟ್ಟಿಗೆ ತೆರೆಯಬೇಕು. ಪೆಟ್ಟಿಗೆಯಲ್ಲಿ ಡ್ರ್ಯಾಗನ್ ಇರಬಹುದು, ಇಲ್ಲದಿರಬಹುದು. ರೂಪಾಯಿ ರತ್ನವಾಗುವಾಗ ಒಮ್ಮೆ, ರತ್ನ ಅದೃಷ್ಟವಾಗುವಾಗ ಇನ್ನೊಮ್ಮೆ, ಬೆಲೆ ಎರಡು ಸಲ ಮುಸುಕು ಹಾಕಿಕೊಳ್ಳುತ್ತದೆ. ದಲ್ಲಾಳಿಯ ಟವಲಿನ ಅಡಿ ಕೈಯಿಟ್ಟವನಿಗಾದರೂ ಬೆರಳ ಲೆಕ್ಕ ಗೊತ್ತಾಗುತ್ತಿತ್ತು. ಇಲ್ಲಿ ಕೊಳ್ಳುವವನಿಗೇ ಗೊತ್ತಿಲ್ಲ.

ಒಂದು ಉದಾಹರಣೆ ಲೆಕ್ಕ ಮಾಡಿದೆವು, ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ. ಒಂದು ಪೆಟ್ಟಿಗೆಗೆ 80 ರೂಪಾಯಿ ಬೀಳುತ್ತದೆ, ಬೇಕಾದ ಡ್ರ್ಯಾಗನ್ ಬರುವ ಸಾಧ್ಯತೆ ನೂರಕ್ಕೆ ಒಂದು ಎಂದುಕೊಳ್ಳಿ. "ಹಾಗಾದರೆ ನೂರು ಪೆಟ್ಟಿಗೆ ತೆಗೆದರೆ ಬಂದೇ ಬರುತ್ತೆ" ಎಂದ ಮಗ. ಬರುವುದಿಲ್ಲ. ಒಂದು ಪೆಟ್ಟಿಗೆಯಲ್ಲಿ ಬರದಿರುವ ಸಾಧ್ಯತೆ 0.99. ಅದನ್ನು ಅದರಿಂದಲೇ ನೂರು ಸಲ ಗುಣಿಸಿದರೆ ಸುಮಾರು 0.37. ಅಂದರೆ 8,000 ರೂಪಾಯಿ ಸುರಿದ ನೂರು ಮಕ್ಕಳಲ್ಲಿ ಸುಮಾರು 37 ಮಕ್ಕಳು ಬರಿಗೈಯಲ್ಲಿ ಏಳುತ್ತಾರೆ. ನೂರರಲ್ಲಿ ತೊಂಬತ್ತು ಪಾಲು ಖಾತ್ರಿ ಬೇಕೆಂದರೆ ಸುಮಾರು 230 ಪೆಟ್ಟಿಗೆ, 18,000 ರೂಪಾಯಿಗೂ ಮೇಲೆ. ಮಗ ಕ್ಯಾಲ್ಕ್ಯುಲೇಟರ್ ಕಿತ್ತುಕೊಂಡು ತಾನೇ ಎರಡು ಸಲ ಮಾಡಿ ನೋಡಿದ. "ಇದು ಚೀಟಿಂಗ್" ಎಂದ. ಚೀಟಿಂಗ್ ಅಲ್ಲ, ಗಣಿತ. ಆದರೆ ಗಣಿತವನ್ನು ಕೊಳ್ಳುವವನಿಗೆ ಹೇಳದೇ ಇರುವುದು ಗಣಿತವಲ್ಲ.

*

ಇಂಥ ವಿಚಾರ ಬಂದಾಗ ನಮ್ಮ ದೇಶದಲ್ಲಿ ಎರಡೇ ರಾಗ ಕೇಳಿಸುತ್ತವೆ. ಒಂದು, ನಿಷೇಧಿಸಿ. ಇನ್ನೊಂದು, ಅವರವರ ಇಷ್ಟ, ಬಿಡಿ.

ನಿಷೇಧದ ರುಚಿಯನ್ನು ಗುಜರಾತ್ ನೋಡಿದೆ. 2019ರ ಮಾರ್ಚ್‌ನಲ್ಲಿ ರಾಜಕೋಟದಲ್ಲಿ, ಆಮೇಲೆ ಅಹಮದಾಬಾದಿನಲ್ಲೂ, ಪೊಲೀಸರು ಪಬ್‌ಜಿ ಆಟವನ್ನು ನಿಷೇಧಿಸಿದರು. ರಾಜಕೋಟದಲ್ಲಿ ಫೋನಿನಲ್ಲಿ ಆಟ ಆಡುತ್ತಿದ್ದ ಹುಡುಗರನ್ನು ಬಂಧಿಸಿದರು. ಆಟ ನಿಂತಿತೇ? ಬಂಧನದ ಸುದ್ದಿ ಓದಿ ಹೆತ್ತವರು ಹೆದರಿದರು, ಮಕ್ಕಳು ಕೋಣೆಯ ಬಾಗಿಲು ಹಾಕಿಕೊಂಡರು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಆನ್‌ಲೈನ್ ಆಟಗಳ ಕಾಯ್ದೆ ಮಾಡಿತು. ಅದು ಆಟಗಳನ್ನು ಮೂರು ಪಾಲು ಮಾಡುತ್ತದೆ: ಇ-ಕ್ರೀಡೆ, ಸಾಮಾಜಿಕ ಆಟ, ಹಣದ ಆಟ. ಹಣದ ಆಟಕ್ಕೆ ನಿಷೇಧ.

ನಮ್ಮ ಡ್ರ್ಯಾಗನ್ ಎಲ್ಲಿ ಕೂರುತ್ತದೆ? ಹಣದ ಆಟ ಎಂದರೆ ಹಣ ಹಾಕಿ, ಗೆದ್ದು ಹಣವನ್ನೋ ಬೇರೆ ಲಾಭವನ್ನೋ ಪಡೆಯುವ ನಿರೀಕ್ಷೆ ಇರುವಂಥದ್ದು. ಡ್ರ್ಯಾಗನ್ ಆಟದಲ್ಲಿ ಹಣ ಒಳಗೆ ಹೋಗುತ್ತದೆ, ಹೊರಗೆ ಬರುವುದೇ ಇಲ್ಲ. ಹಾಗಾಗಿ ನನ್ನ ಓದಿನ ಪ್ರಕಾರ ಅದು ಸಾಮಾಜಿಕ ಆಟದ ಸಾಲಿಗೆ ಸರಿಯುತ್ತದೆ. ಸ್ವಲ್ಪ ವಿಚಿತ್ರ ಅಲ್ಲವೇ? ಹಾಕಿದ್ದರಲ್ಲಿ ಒಂದಿಷ್ಟು ವಾಪಸ್ ಬರಬಹುದಾದ ಆಟ ಅಪಾಯಕಾರಿ. ಏನೂ ವಾಪಸ್ ಬಾರದ ಆಟ ನಿರಪಾಯ.

ನಾನು ನಿಷೇಧ ಕೇಳುತ್ತಿಲ್ಲ. ನಾನು ಕೇಳುವುದು ತೀರ ಹಳೆಯದಾದ, ಬೇಸರ ಬರುವಷ್ಟು ಸಾಮಾನ್ಯವಾದ ಒಂದು ವಸ್ತುವನ್ನು: ತಕ್ಕಡಿಯ ಮೇಲಿನ ಸರ್ಕಾರಿ ಮುದ್ರೆ. ನಮ್ಮ ದಿನಸಿ ಅಂಗಡಿಯವನ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ತೂಕ, ಗರಿಷ್ಠ ಬೆಲೆ, ತಯಾರಾದ ತಿಂಗಳು, ದೂರು ಕೊಡಲು ವಿಳಾಸ ಇರುತ್ತವೆ. ಏಳುನೂರ ತೊಂಬತ್ತೊಂಬತ್ತು ರೂಪಾಯಿಯ ಡ್ರ್ಯಾಗನ್ನಿನ ಮೇಲೆ ಇರುವುದು ಹಿಂದಕ್ಕೆ ಓಡುವ ಗಡಿಯಾರ ಒಂದೇ.

ಬೇರೆ ದೇಶಗಳು ಈ ದಾರಿಯಲ್ಲಿ ಸ್ವಲ್ಪ ನಡೆದಿವೆ. ಚೂರುಗಳನ್ನು ಪೂರ್ತಿ ಸೇರಿಸಿದರಷ್ಟೇ ದೊಡ್ಡ ಬಹುಮಾನ ಸಿಗುವ ಬಗೆಯ ಲಾಟರಿಯನ್ನು ಜಪಾನ್ 2012ರಲ್ಲೇ ತಡೆಯಿತು. ಪೆಟ್ಟಿಗೆಯ ಸಾಧ್ಯತೆಗಳನ್ನು ಬಹಿರಂಗಪಡಿಸಬೇಕೆಂದು ಚೀನಾ 2017ರಲ್ಲಿ ಕಡ್ಡಾಯ ಮಾಡಿತು. ಆ ವರ್ಷದ ಕೊನೆಗೆ ಆಪಲ್ ಕೂಡ ತನ್ನ ಆಪ್ ಅಂಗಡಿಗೆ ಅದೇ ನಿಯಮ ತಂದಿತು. ಬೆಲ್ಜಿಯಂ 2018ರಲ್ಲಿ ಹಣ ಕೊಟ್ಟು ತೆರೆಯುವ ಪೆಟ್ಟಿಗೆಗಳನ್ನು ಜೂಜು ಎಂದೇ ಕರೆಯಿತು. 2025ರ ಮಾರ್ಚ್‌ನಲ್ಲಿ ಯುರೋಪಿನ ಗ್ರಾಹಕ ರಕ್ಷಣಾ ಅಧಿಕಾರಿಗಳು ಮಕ್ಕಳ ಕುದುರೆ ಆಟವೊಂದರ ಪ್ರಕರಣದ ಜೊತೆಗೆ ಒಂದು ಸೂತ್ರಪಟ್ಟಿಯನ್ನೂ ಹೊರಡಿಸಿದರು. ಅದರ ತಿರುಳು ಸರಳ: ಆಟದ ನಾಣ್ಯದ ಪಕ್ಕದಲ್ಲಿ ನಿಜವಾದ ಹಣದ ಬೆಲೆ ತೋರಿಸಿ.

ನಮ್ಮಲ್ಲೂ ಬೀಜ ಇದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಗ್ರಾಹಕರನ್ನು ದಾರಿತಪ್ಪಿಸುವ 13 ತಂತ್ರಗಳನ್ನು ಪಟ್ಟಿ ಮಾಡಿ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಮೊದಲನೆಯದೇ ಸುಳ್ಳು ತುರ್ತು: ಈಗಲೇ ಕೊಳ್ಳದಿದ್ದರೆ ಕೈತಪ್ಪುತ್ತದೆ ಎಂಬ ಭಾವನೆ ಹುಟ್ಟಿಸುವುದು. "ನಾಳೆ ಬೆಳಿಗ್ಗೆ ತನಕ ಮಾತ್ರ" ಎಂದು ನನ್ನ ಮಗನಿಗೆ ಹೇಳಿದ ಗಡಿಯಾರವನ್ನು ಈ ಕನ್ನಡಿಯಲ್ಲಿ ನೋಡಬಾರದೇ? ಹೊಸ ಕಾನೂನು ಬೇಡ. ಇರುವ ಮಾರ್ಗಸೂಚಿಯನ್ನು ಮಕ್ಕಳ ಆಟದ ಅಂಗಡಿಗೂ ಓದಿ ಹೇಳಿದರೆ ಸಾಕು. ಪ್ರತಿ ಖರೀದಿಯ ಪಕ್ಕ ರೂಪಾಯಿಯ ಬೆಲೆ, ಪೆಟ್ಟಿಗೆ ತೆರೆಯುವ ಮುಂಚೆಯೇ ಕನ್ನಡ ಗುಜರಾತಿ ಹಿಂದಿಯಲ್ಲಿ ಸಾಧ್ಯತೆಯ ಅಂಕೆ, ಹದಿನೆಂಟರ ಒಳಗಿನವರ ಖಾತೆಯಲ್ಲಿ ಗಡಿಯಾರಕ್ಕೆ ರಜೆ – ಇಷ್ಟು.

*

ಒಂದು ಆಕ್ಷೇಪ ನನಗೇ ಕಾಣುತ್ತದೆ. ಹಳೆಯ ಪೇಟೆಗಳೇನು ಧರ್ಮಛತ್ರಗಳಾಗಿದ್ದವೇ? ಹಲ್ಲು ಉಜ್ಜಿ ವಯಸ್ಸು ಮರೆಮಾಚುವವರಿದ್ದರು. ಕೊಂಬಿಗೆ ಎಣ್ಣೆ ಹಚ್ಚಿ ಮುದಿ ಎತ್ತನ್ನು ಹೋರಿ ಮಾಡುವವರಿದ್ದರು. ವಜ್ರದಲ್ಲಿ ಮೋಸ ಹೋದವರ ಕಥೆ ಕಾಕಾ ಹತ್ತಿರ ರಾತ್ರಿಯಿಡೀ ಹೇಳುವಷ್ಟಿವೆ. ಒಪ್ಪುತ್ತೇನೆ. ಆದರೆ ಆ ಮೋಸವನ್ನು ಮೂರನೆಯವನೊಬ್ಬ ಬಂದು ಹಿಡಿಯಬಹುದಿತ್ತು. ಅಪ್ಪ ಎತ್ತು ಕೊಳ್ಳಲು ಹೋಗುವಾಗ ಪಕ್ಕದೂರಿನ ಒಬ್ಬ ಹಿರಿಯರನ್ನು ಕರೆದುಕೊಂಡು ಹೋಗುತ್ತಿದ್ದರು, ಎರಡನೇ ಕಣ್ಣಿಗೆಂದು. ನನ್ನ ಮಗನಿಗೆ ಎರಡನೇ ಕಣ್ಣು ಯಾರು? ಮೆಟ್ಟಿಲ ಮೇಲಿನ ಗೆಳೆಯರು. ಅವರಿಗೆ ದಾಳಿಯ ಅಂಕೆ ಗೊತ್ತು, ಪೆಟ್ಟಿಗೆಯ ಅಂಕೆ ಗೊತ್ತಿಲ್ಲ. ಪೆಟ್ಟಿಗೆಯ ಲೆಕ್ಕ ಹಾಕಬಲ್ಲ ನಾವು ಅಡುಗೆಮನೆಯಲ್ಲಿ "ಬೇಡ" ಎಂದು ಒಂದೇ ಮಾತಿನಲ್ಲಿ ಮುಗಿಸಿರುತ್ತೇವೆ.

ಆದ್ದರಿಂದ ಸರ್ಕಾರಕ್ಕೆ ಹೇಳುವ ಮಾತಿಗಿಂತ ಮನೆಯವರಿಗೆ ಹೇಳುವ ಮಾತು ನನಗೆ ಮುಖ್ಯ. ಮಗು ಡ್ರ್ಯಾಗನ್ ತೋರಿಸಿದಾಗ ಜಾತ್ರೆಗೆ ಜೊತೆಗೆ ಹೋದ ಹಿರಿಯರಂತೆ ಪಕ್ಕದಲ್ಲಿ ಕೂತುಕೊಳ್ಳಿ. ಮೊದಲು ಅದರ ಗುಣ ಕೇಳಿ, ನಿಜವಾದ ಕುತೂಹಲದಿಂದ ಕೇಳಿ. ಮಗು ನಿಮಗಿಂತ ಚೆನ್ನಾಗಿ ಬಲ್ಲದು. ಆಮೇಲೆ ಅಪ್ಪನ ಮೂರು ಪ್ರಶ್ನೆ ಕೇಳಿ: ಇದರ ಹಲ್ಲು ಎಣಿಸುವವರು ಯಾರು, ಮಾರಿದವನೋ ನೀನೋ? ನಾಳೆ ಇದನ್ನು ಕೊಳ್ಳುವವರು ಯಾರು? ಕೈಗೆ ಬರುವತನಕ ಒಟ್ಟು ಎಷ್ಟು ರೂಪಾಯಿ? ಉತ್ತರ ನೀವು ಹೇಳಬೇಡಿ. ಕ್ಯಾಲೆಂಡರಿನ ಹಿಂದೆ ಮಗುವೇ ಬರೆಯಲಿ.

ನಮ್ಮ ಮನೆಯಲ್ಲಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಆ ರಾತ್ರಿ ಮಗ ಕೊಳ್ಳಲಿಲ್ಲ. ಬೆಳಿಗ್ಗೆ ಗಡಿಯಾರ ಸೊನ್ನೆಗೆ ಬಂದು ಡ್ರ್ಯಾಗನ್ ಮರೆಯಾದಾಗ ಅವನು ಅತ್ತದ್ದೂ ನಿಜ. ಹನ್ನೊಂದು ವರ್ಷದವನ ದುಃಖವನ್ನು ಗಣಿತ ಒರೆಸುವುದಿಲ್ಲ. ಅಪ್ಪ ಅವನ ತಲೆ ಸವರುತ್ತ ಕೂತರು, ಬುದ್ಧಿ ಹೇಳಲಿಲ್ಲ. ತಾವು ಒಮ್ಮೆ ಒಂದು ಜೋಡಿ ಹೋರಿಯನ್ನು ನಾನೂರು ರೂಪಾಯಿ ಕಡಿಮೆ ಬಿದ್ದು ಬಿಟ್ಟುಬಂದ ಕಥೆ ಹೇಳಿದರು. ಅವುಗಳ ಕೊಂಬು ಹೇಗಿತ್ತೆಂದು ಇವತ್ತಿಗೂ ನೆನಪಿದೆಯಂತೆ.

ಉತ್ತರಾಯಣದ ದಿನ ತಾರಸಿ ಹತ್ತಿದೆವು. ಮಗ ಗಾಳಿಪಟಕ್ಕೆ ಮುನ್ನೂರು ರೂಪಾಯಿ ಖರ್ಚು ಮಾಡಿದ್ದ. ಬಿದಿರ ಕಡ್ಡಿ ಬಗ್ಗಿಸಿ, ಕಾಗದವನ್ನು ಬೆಳಕಿಗೆ ಹಿಡಿದು, ಒಂದೊಂದನ್ನೂ ಪರೀಕ್ಷಿಸಿ ತಂದಿದ್ದ. ಸಂಜೆಯೊಳಗೆ ಹದಿನಾಲ್ಕರಲ್ಲಿ ಹನ್ನೆರಡು ಕತ್ತರಿಸಿ ಹೋದವು. ಪ್ರತಿ ಸಲ ಯಾವುದೋ ತಾರಸಿಯಿಂದ "ಕಾಯ್‌ಪೋ ಛೇ" ಎಂಬ ಕೂಗು.

"ತಾತ, ಇದನ್ನೂ ಮಾರೋಕಾಗಲ್ಲ" ಎಂದ ಮಗ, ಖಾಲಿ ದಾರ ಸುತ್ತುತ್ತ.

"ಇದನ್ನ ಮಾರೋಕೆ ತಂದಿದ್ದಲ್ಲವಲ್ಲ" ಎಂದರು ಅಪ್ಪ. "ಎಷ್ಟಕ್ಕೆ ತಂದೆ ಅಂತ ಗೊತ್ತಿತ್ತು. ಹೋಗುತ್ತೆ ಅಂತಲೂ ಗೊತ್ತಿತ್ತು."

ಫೆಬ್ರುವರಿಯಲ್ಲಿ ಅದೇ ಡ್ರ್ಯಾಗನ್ ಇನ್ನೊಂದು ಹಬ್ಬದ ಹೆಸರಿನಲ್ಲಿ ಮತ್ತೆ ಬಂತು. "ಕೊನೆಯ ಅವಕಾಶ" ಎಂದು ಈ ಸಲವೂ ಬರೆದಿತ್ತು. ಮಗ ನನಗೆ ತೋರಿಸಿದ. ಅವನ ಹತ್ತಿರ ಅಜ್ಜ ಕೊಟ್ಟ ಐನೂರು ರೂಪಾಯಿ ಇತ್ತು. "ಗಾಳಿಪಟ ಅಂದುಕೊಂಡು ಇನ್ನೂರರಷ್ಟು ಆಡ್ತೀನಿ. ಬರದಿದ್ರೆ ಬಿಡ್ತೀನಿ" ಎಂದ. ಆಡಿದ. ಬರಲಿಲ್ಲ. ಫೋನು ಕೆಳಗಿಟ್ಟು ಕ್ರಿಕೆಟ್ಟಿಗೆ ಹೋದ.

ನಾನು ಅದನ್ನು ಗೆಲುವು ಎಂದು ಕರೆಯಲಾರೆ. ಇನ್ನೂರು ರೂಪಾಯಿ ಹೋಯಿತು. ಆದರೆ ಎಷ್ಟು ಹೋಗಬಹುದೆಂದು ಅವನಿಗೆ ಮೊದಲೇ ಗೊತ್ತಿತ್ತು, ಅದನ್ನು ತೀರ್ಮಾನಿಸಿದವನೂ ಅವನೇ. ಎಲ್ಲ ಮಕ್ಕಳಿಗೂ ಪಕ್ಕದಲ್ಲಿ ಎತ್ತಿನ ಹಲ್ಲು ಎಣಿಸಿದ ತಾತ ಇರುವುದಿಲ್ಲ. ಅದಕ್ಕೇ ಪೆಟ್ಟಿಗೆಯ ಮೇಲೆ ಬೆಲೆ ಬರೆದಿರಲಿ ಎನ್ನುವುದು.